ನೆಲಕ್ಕೆ ಇಳಿದ ಹೊಸ್ತಿಲು

ನಮ್ಮ ಕಾಲನಿಗೆ ಕಾಗದದ ಮೇಲೆ ಬೇರೆ ಹೆಸರಿದೆ. ತಾಂಡೂರು ಸ್ಟೇಷನ್ನಿನ ಹೊರಗೆ ನಿಂತು ಆಟೋದವನಿಗೆ ಆ ಹೆಸರು ಹೇಳಿದರೆ ತಿಳಿಯುವುದಿಲ್ಲ. ಖಿಲಾಡಿ ಕಾಲನಿ ಎಂದರೆ ಸಾಕು, ತಂದು ಮನೆಯ ಮುಂದೆ ಬಿಡುತ್ತಾನೆ. ಒಂದು ದೊಡ್ಡ ಕ್ರೀಡಾಕೂಟಕ್ಕೆ ಬರುವ ಆಟಗಾರರಿಗೆಂದು ಕಟ್ಟಿದ ಮನೆಗಳು ಇವು. ಆಟ ಮುಗಿದ ಮೇಲೆ ಬಹಳ ದಿನ ಬೀಗ ಹಾಕಿಕೊಂಡಿದ್ದವು. ಆಮೇಲೆ ಚೀಟಿ ಎತ್ತಿ ಮನೆಯಿಲ್ಲದವರಿಗೆ ಹಂಚಿದರು. ನಮಗೆ ಬಂದದ್ದು ನೆಲಮಟ್ಟದ ಸಾಲಿನ ಒಂದು ಮನೆ.

ನಮ್ಮನೆಯವರು ಗೌಂಡಿ. ತಾಂಡೂರಿನ ಫರ್ಸಿ ಕಲ್ಲು ಹಾಸುವುದೇ ಅವರ ಕೆಲಸ. ಊರವರ ಮನೆಗೆಲ್ಲ ನೆಲ ಹಾಕಿ, ಅಷ್ಟು ವರ್ಷ ಬಾಡಿಗೆ ಮನೆಯಲ್ಲಿದ್ದವರು. ಕೀಲಿಕೈ ಸಿಕ್ಕ ದಿನ ಅವರು ಮೊದಲು ನೋಡಿದ್ದು ಗೋಡೆಯನ್ನಲ್ಲ. ಚಪ್ಪಲಿ ಬಿಟ್ಟು, ಬಗ್ಗಿ, ನೆಲ ಮುಟ್ಟಿ ನೋಡಿದರು.

ಮನೆಯಲ್ಲಿ ಅಡುಗೆಮನೆ ಇರಲಿಲ್ಲ. ಆಟಗಾರರೆಲ್ಲ ಒಂದೇ ದೊಡ್ಡ ಹಾಲಿನಲ್ಲಿ ಉಣ್ಣುತ್ತಿದ್ದರಂತೆ. ಮಲಗುವ ಕೋಣೆಯ ಮೂಲೆಗೆ ಕಟ್ಟೆ ಕಟ್ಟಿಸಿ ಒಲೆ ಇಟ್ಟುಕೊಂಡೆ. ಲೈಟಿನ ಬಟನ್ನುಗಳು ಸೊಂಟದ ಕೆಳಗೆ ಇದ್ದವು. ಬಚ್ಚಲಿನ ಗೋಡೆಗೆ ಉದ್ದಕ್ಕೂ ಸ್ಟೀಲಿನ ಸರಳು. ಅದರ ಮೇಲೆ ಟವೆಲ್ ಒಣಹಾಕಿದೆವು. ಬಾಗಿಲಿಗೆ ಮಾತ್ರ ಹೊಸ್ತಿಲೇ ಇರಲಿಲ್ಲ. ಅಂಗಳ ಹೇಗೋ ಹಾಗೇ ಒಳಗೂ ನೆಲ.

"ಹೊಸ್ತಿಲಾನೇ ಮರ್ತಾರ ನೋಡ್ರಿ," ಎಂದೆ.

"ಮರ್ತಿಲ್ಲ, ಕಲ್ಲು ಉಳಸ್ಯಾರ. ತಾಂಡೂರಾಗ ಬಂದು ಕಲ್ಲು ಉಳಸ್ತಾರಂದ್ರ ಎಂಥಾ ಮಂದಿ ಇರಬೇಕು!" ಎಂದು ಅವರು ನಕ್ಕರು.

ಹೊಸ್ತಿಲಿಲ್ಲದ ಮನೆಗೆ ಹಾಲು ಉಕ್ಕಿಸಲು ನನಗೆ ಮನಸ್ಸು ಬರಲಿಲ್ಲ. ನಾರಾಯಣಖೇಡದ ಕಡೆಯ ನಮ್ಮ ಊರ ಮನೆಯಲ್ಲಿ ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು ಅರಿಶಿನ ಕುಂಕುಮ ಇಟ್ಟ ಮೇಲೆಯೇ ಒಲೆ ಹಚ್ಚುವುದು. ಅದರ ಮೇಲೆ ಕೂಡುವಂತಿಲ್ಲ. ಒಬ್ಬರು ಒಳಗೆ, ಒಬ್ಬರು ಹೊರಗೆ ನಿಂತು ಏನನ್ನೂ ಕೊಡುವಂತಿಲ್ಲ. ನನ್ನ ಮಾತಿಗೆ ನಮ್ಮನೆಯವರು ಒಳ್ಳೆಯ ನೀಲಿ ಕಲ್ಲು ಆರಿಸಿ ತಂದು, ಅಂಚು ದುಂಡಗೆ ಮಾಡಿ ಕೂರಿಸಿದರು. ಅದನ್ನು ನೋಡಿ ಸಾಲಿನವರೆಲ್ಲ ನಮಗೂ ಒಂದು ಹಾಕಿಕೊಡ್ರಿ ಎಂದು ಬಂದರು. ಎಲ್ಲರಿಗಿಂತ ಎತ್ತರದ್ದು ಬೇಕೆಂದವರು ಪಕ್ಕದ ಮನೆಯ ಆಯಿ. ನಾಗಲಗಿದ್ದದ ಕಡೆಯಿಂದ ಮಗ ಸೊಸೆಯೊಡನೆ ಬಂದಿದ್ದ ಮುದುಕಿ.

"ಆಯಿ, ಇಷ್ಟು ಎತ್ರ ಇಟ್ರ ನಿಮ್ಮ ಸೊಸಿನೂ ದಾಟಂಗಿಲ್ರಿ," ಎಂದರು ನಮ್ಮನೆಯವರು.

"ಅದಕ್ಕೇ ಇಡು ಅನ್ನಾಕತ್ತೀನಿ."

ಸೊಸೆ ಒಳಗಿನಿಂದ, "ಕೇಳಸ್ತದ ಅತ್ತಿ!" ಎಂದಳು.

ಹಾಗೆ ಒಂದೊಂದೇ ಮನೆ ಮನೆಯಾಯಿತು. ಊಟದ ಹಾಲಿನ ಅರ್ಧ ಅಂಗನವಾಡಿಯಾಯಿತು, ಅರ್ಧ ರೇಷನ್ ಅಂಗಡಿ. ಆಟಗಾರರು ಓಡಿದ ಮೈದಾನದಲ್ಲಿ ಸುಗ್ಗಿಯಲ್ಲಿ ತೊಗರಿ ಒಣಗುತ್ತದೆ. ಬಾವುಟದ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಸೀರೆ ಹಾಕುತ್ತೇವೆ. ಸಾಲಿನ ಕೊನೆಯ ಬೇವಿನ ಗಿಡದ ಸುತ್ತ ನಮ್ಮನೆಯವರೇ ಉಳಿದ ಕಲ್ಲಿನಿಂದ ಕಟ್ಟೆ ಕಟ್ಟಿದರು. ಸಂಜೆ ಕೆಲಸದಿಂದ ಬಂದರೆ ಅಲ್ಲೇ ಕೂಡುವರು. ಚಹಾಕ್ಕೆ ನಾನು ಇಲ್ಲಿಂದಲೇ ಕೂಗಬೇಕು.

ಅವರಿಗೆ ಲಕ್ವಾ ಹೊಡೆದಾಗ ಬಲಗೈ ಬಲಗಾಲು ಹೋದವು. ಮಾತು ತೊದಲಿದರೂ ಉಳಿಯಿತು. ಆಸ್ಪತ್ರೆಯಿಂದ ಗಾಲಿ ಕುರ್ಚಿಯ ಮೇಲೆ ಬಂದರು. ಎಡಗೈ ಎಡಗಾಲಿನಿಂದ ಕುರ್ಚಿಯನ್ನು ತಾವೇ ದೂಡಿಕೊಳ್ಳಲು ಕಲಿತರು. ಒಲೆಯಿಂದ ಬಾಗಿಲವರೆಗೆ ಬರುವರು. ಹೊಸ್ತಿಲ ಹತ್ತಿರ ನಿಲ್ಲುವರು. ಬೇವಿನ ಕಟ್ಟೆಗೆ ಹೋಗಬೇಕೆಂದರೆ ಇಬ್ಬರು ಗಂಡಸರು ಬಂದು ಕುರ್ಚಿ ಸಮೇತ ಎತ್ತಬೇಕು. ಎತ್ತುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬರಬರುತ್ತ, "ಇವತ್ತು ಬ್ಯಾಡ," ಎನ್ನತೊಡಗಿದರು.

ಕೈಕಾಲಿನ ವ್ಯಾಯಾಮ ಕಲಿಸಲು ಒಬ್ಬ ಹುಡುಗಿ ಮನೆಗೆ ಬರುತ್ತಿದ್ದಳು. ಬಚ್ಚಲಿನ ಸರಳು ನೋಡಿ ಖುಷಿಯಾದಳು. "ಅಮ್ಮಾ, ಈ ಸಾಲು ಗಾಲಿ ಕುರ್ಚಿ ಮ್ಯಾಲ ಆಡೋರಿಗೆ ಕಟ್ಟಿದ್ದು ಕಾಣಸ್ತದ್ರಿ. ಬಟನ್ ನೋಡ್ರಿ, ಎಲ್ಲಾ ಕೈಗೆ ಸಿಗಂಗ ಅವ. ಆದ್ರ ನಡುವ ಈ ಕಲ್ಲು ಯಾರು ಹಾಕ್ಯಾರ?"

ಅವರು ಎಡಗೈಯಿಂದ ತಮ್ಮ ಎದೆ ತೋರಿಸಿಕೊಂಡು, "ನಾನೇ. ಈ ಸಾಲಿಗೆಲ್ಲಾ ನಾನೇ," ಎಂದರು. ಎಂದವರು ನಗಲು ಶುರುಮಾಡಿದರು. ಅರ್ಧ ಬಾಯಿಯ ನಗು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

ಕಲ್ಲು ತೆಗೆಸುವ ಮಾತು ಬಂದಾಗ ಆಯಿ ಸಿಟ್ಟಾದರು. "ಜಡ್ಡಿನ ಮನುಷ್ಯಾ ಇರೋ ಮನ್ಯಾಗ ಹೊಸ್ತಿಲಾ ಕೀಳತಾರೇನ ತಂಗಿ? ಏನರ ಆತಂದ್ರ?"

ನನಗೂ ಅದೇ ಅಂಜಿಕೆ. ರಾತ್ರಿಯೆಲ್ಲ ಯೋಚಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ, ದಣಿದು ಮಲಗಿಬಿಡುತ್ತಿದ್ದೆ. ಆದರೆ ಅವರು ಕಣ್ಣು ಮುಚ್ಚಿಕೊಳ್ಳುವುದು ನೆನಪಾಗುತ್ತಿತ್ತು. "ಕೀಳಸ್ಲೇನ್ರೀ?" ಎಂದು ಕೇಳಿದೆ.

"ಕೀಳೂದು ಬ್ಯಾಡ," ಎಂದರು. "ಇಳಸೂಣು."

ಅವರ ಕೈಕೆಳಗೆ ಕೆಲಸ ಕಲಿತ ಗೌಂಡಿಯೊಬ್ಬ ಬಂದ. ಅದೇ ಕಲ್ಲನ್ನು ಎತ್ತಿ, ಕೆಳಗೆ ಅಗೆದು, ಅದರ ಮೈ ನೆಲದ ಸಮಕ್ಕೆ ಬರುವಂತೆ ಮತ್ತೆ ಅಲ್ಲೇ ಕೂರಿಸಿದ. ಅವರು ಕುರ್ಚಿಯಲ್ಲಿ ಕೂತು ಬೈಯುತ್ತಲೇ ಇದ್ದರು. "ಎಡಕ್ಕ ಎದ್ದದ. ಕಣ್ಣು ಎಲ್ಲಿಟ್ಟೀದಿ?" ಅವನು, "ಉಸ್ತಾದ್, ಲಕ್ವಾ ನಿಮ್ಮ ಬಾಯಿ ಯಾಕ ಬಿಟ್ತು?" ಎಂದ. ಮರುದಿನ ಕಲ್ಲಿಗೆ ನಾನು ಎಂದಿನಂತೆ ಕುಂಕುಮ ಇಟ್ಟೆ. ಅದರ ಮೇಲೆ ಗಾಲಿ ಹೇಗೆ ಹಾಯಿಸುವುದೆಂದು ಅವರು ಕುರ್ಚಿ ತಡೆದು ನಿಲ್ಲಿಸಿದರು. ಆಮೇಲೆ, "ತುಳಿಯಾಂವ ನಾನಲ್ಲ, ಗಾಡಿ," ಎಂದು ದಾಟಿಹೋದರು. ಬೇವಿನ ಗಿಡದವರೆಗೆ ಹಿಂದಿರುಗಿ ನೋಡಲಿಲ್ಲ.

ಆದರೆ ಬೇರೆಯವರ ಮನೆಗೆ ಹೋಗುವಂತಿರಲಿಲ್ಲ. ಅಲ್ಲೆಲ್ಲ ಅವರದೇ ಕಲ್ಲು. ಬಾಗಿಲ ಹೊರಗೆ ಕುರ್ಚಿ ನಿಲ್ಲಿಸಿ ಮಾತಾಡಿಸಿ ಬರುವರು. ನೋಡಿ ನೋಡಿ ಕೆಲವರು ತಮ್ಮದನ್ನೂ ಇಳಿಸಿಕೊಂಡರು. ಕೆಲವರು ಇಳಿಸಲಿಲ್ಲ. ಆಯಿಯಂತೂ ಇಲ್ಲವೇ ಇಲ್ಲ. ಆದರೆ ಅವರು ಬಂದದ್ದು ಕಂಡರೆ ಆಯಿ ಚಹಾ ಹಿಡಿದು, ಬಾಗಿಲ ಚೌಕಟ್ಟು ಹಿಡಿದು, ಮೊಣಕಾಲು ನೋಯುತ್ತಿದ್ದರೂ ಆ ಎತ್ತರದ ಹೊಸ್ತಿಲು ದಾಟಿ ಹೊರಗೆ ಬರುವರು. ಒಳಗೆ ನಿಂತು ಕೈ ಚಾಚಿದರೆ ಮುಗಿಯುತ್ತಿತ್ತು. ಹಾಗೆ ಕೊಡಬಾರದಲ್ಲ.

"ಸಾಕ್ರಿ ಆಯಿ, ಅಲ್ಲಿಂದೇ ಕೊಡ್ರಿ."

"ನೀ ಕುಡಿ ಸುಮ್ಕ. ಇಷ್ಟು ಎತ್ರ ಹಾಕಿದಾಂವ ನೀನೇ."

ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವರು ಹೋದರು. ನಾನು ಎಬ್ಬಿಸಲು ಹೋದಾಗ ಎಡಗೈ ಹಾಸಿಗೆಯ ಪಕ್ಕಕ್ಕಿದ್ದ ಕುರ್ಚಿಯ ಗಾಲಿಯ ಮೇಲಿತ್ತು. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಅವರ ಹೆಸರಿನ ಶಿವಗಣಾರಾಧನೆ ಮುಗಿದ ಮರುದಿನ ಜಹೀರಾಬಾದಿನ ಮೈದುನ ಕಲ್ಲು ಕಡಿಯುವ ಚಾಣ, ಸುತ್ತಿಗೆ, ಸಿಮೆಂಟು ತೆಗೆದಿಟ್ಟುಕೊಂಡ. ಅವನೂ ಗೌಂಡಿ. ಊರಿಗೆ ಹೋಗುವ ಮೊದಲು ನಮ್ಮ ಹೊಸ್ತಿಲು ಮತ್ತೆ ಎತ್ತಿ ಕೂರಿಸಿ ಹೋಗುತ್ತೇನೆ ಎಂದ. "ವೈನಿ, ಇನ್ನ ಮ್ಯಾಲ ಗಾಡಿ ಇಲ್ಲಲ್ಲ. ಮನಿ ಬಾಗಿಲಾ ಹಿಂಗ ಇರಬಾರ್ದು." ಪ್ರೀತಿಯಿಂದಲೇ ಹೇಳಿದ. ನನಗೆ ಅದು ಬೇಕಿರಲಿಲ್ಲ. ಆ ಇಳಿದ ಕಲ್ಲು ನಮ್ಮನೆಯವರು ಕೂತು ಹೇಳಿ ಮಾಡಿಸಿದ ಕೊನೆಯ ಕೆಲಸ. ಅವನು ಚಾಣ ಹಿಡಿದು ಕೂತ.

"ಏ, ನಿಲ್ಲಪಾ," ಎಂದರು ಆಯಿ ತಮ್ಮ ಬಾಗಿಲಿಂದ. "ಅದರ ತಂಟೆಗೆ ಹೋಗಬ್ಯಾಡ. ಕೆಲಸ ಮಾಡಾಕ ಕೈ ತುರಸ್ತಿದ್ರ ಇಲ್ಲಿ ಬಾ. ನಂದು ಇಳಸು."

"ನೀವೇ ಬ್ಯಾಡ ಅಂದಿದ್ರಂತಲ್ರಿ ಆಯಿ?"

"ಅಂದಿದ್ದೆ. ಅಂವ ಕರದ್ರ ಹೊರಗ ಬರಾಕ ಕಾಲು ಬರ್ತಿದ್ವು. ಈಗ ಯಾರ ಸಲುವಾಗಿ ದಾಟಲಿ?"

ಮೈದುನ ನನ್ನ ಮುಖ ನೋಡಿದ. ನಾನು ಹೂಂ ಎಂದು ತಲೆ ಆಡಿಸಿದೆ. ಆಯಿಯ ಕಲ್ಲು ಬೇಗ ಏಳಲಿಲ್ಲ. ಊಟದ ಹೊತ್ತಾದರೂ ಅಲುಗಲಿಲ್ಲ. "ಅಣ್ಣ ಇದರಾಗ ಏನು ಹಾಕ್ಯಾನೋ!" ಎಂದು ಅವನು ಬೆವರು ಒರೆಸಿಕೊಂಡ. ಅದನ್ನು ಕೇಳಿ ಆಯಿಯ ಸೊಸೆ ನಕ್ಕಳು. ನನಗೂ ನಗು ಬಂತು.

ಸಂಜೆಗೆ ಕಲ್ಲು ನೆಲಕ್ಕೆ ಇಳಿಯಿತು. ಎಲ್ಲರಿಗೂ ಚಹಾ ಮಾಡಿ ತಂದು, ನಮ್ಮ ಬಾಗಿಲ ಒಳಗೆ ನಿಂತೇ, ಅಂಗಳದಲ್ಲಿದ್ದ ಆಯಿಗೆ ಲೋಟ ಚಾಚಿದೆ. ಆಯಿ ಕೈ ಮುಂದೆ ಮಾಡಲಿಲ್ಲ.

"ಇಳದ್ರೇನಾತು, ಹೊಸ್ತಿಲಾ ಹೊಸ್ತಿಲಾನೇ," ಎಂದರು. "ಹೊರಗ ಬಾ."

ನಾನು ಹೊರಗೆ ಬಂದೆ.