ಹಿಂದಿನಿಂದ ಕರೆಯಬಾರದು

ಕಳೆದ ವಾರ ಬೆಳಿಗ್ಗೆ ಜಯನಗರದ ನಮ್ಮ ಮನೆ ಹಿಂದಿನ ಗಲ್ಲಿಯಲ್ಲಿ ಒಬ್ಬ ಮುದುಕಿ ಸೀರೆ ಎತ್ತಿ ಕಟ್ಟಿಕೊಂಡು ಓಡುವುದನ್ನು ನೋಡಿದವರು ಯಾರಾದರೂ ಇದ್ದೀರಾ? ನೋಡಿದ್ದರೆ ದಯವಿಟ್ಟು ಮರೆತುಬಿಡಿ. ಅದು ನಾನೇ.

ಕಾರಣ? ಸ್ಪ್ಯಾನಿಷ್.

ನಗಬೇಡಿ. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ಆದರೆ ನನ್ನ ಮೊಮ್ಮಗಳು ಪುಟ್ಟಿ, ಕಾಲೇಜು ಮುಗಿಸಿಕೊಂಡು ಸಂಜೆ ಸ್ಪ್ಯಾನಿಷ್ ಕ್ಲಾಸಿಗೆ ಹೋಗುತ್ತಾಳೆ. ಬಾಯಿಮಾತಿನ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದಳು. ‘ಮಾಡಬೇಡ’ ಅನ್ನುವ ಪಾಠವೇ ಗಂಟಲಲ್ಲಿ ಸಿಕ್ಕಿಕೊಂಡಿದ್ದು. ಈ ಸಲವೂ ಹೋದರೆ ಕ್ಲಾಸೇ ಬಿಡ್ತೀನಿ ಎಂದು ಮುಖ ಊದಿಸಿಕೊಂಡು ಕೂತಿದ್ದಳು.

“ಅಂಥಾ ಕಷ್ಟ ಏನೇ ಅದು?” ಅಂದೆ.

“ನೋಡಜ್ಜಿ, ಅಬ್ಲಾರ್ ಅಂದ್ರೆ ಮಾತಾಡೋದು. ಮಾತಾಡ್ಬೇಡ ಅನ್ನೋಕೆ ‘ನೋ ಅಬ್ಲೆಸ್’. ಕೊನೇಲಿದ್ದ ‘ಆ’ ಹೋಗಿ ‘ಎ’ ಬರತ್ತೆ. ಕೊಮೇರ್ ಅಂದ್ರೆ ತಿನ್ನೋದು. ಅಲ್ಲಿ ‘ಎ’ ಹೋಗಿ ‘ಆ’. ‘ನೋ ಕೋಮಾಸ್’. ಬರೀವಾಗ ಸರಿ ಇರತ್ತೆ, ಬಾಯಿ ತೆಗೆದ್ರೆ ಉಲ್ಟಾ!”

“ಅಷ್ಟೇನಾ? ಓರಗಿತ್ತೀರು ಸೀರೆ ಅದಲುಬದಲು ಮಾಡ್ಕೊಂಡ ಹಾಗೆ. ಬೇಡ ಅನ್ನೋವಾಗ ಇವಳ ಸೀರೆ ಅವಳಿಗೆ, ಅವಳದು ಇವಳಿಗೆ.”

ಪುಟ್ಟಿ ಕಣ್ಣರಳಿಸಿದಳು. (ಆ ಕ್ಷಣಕ್ಕೆ ನಾನು ಪ್ರೊಫೆಸರ್ ಆಗಿಬಿಟ್ಟೆ.) ಅಂದಿನಿಂದ ನನ್ನ ಬೆನ್ನಿಗೇ ಬಿದ್ದಳು. ‘ಬೇಡ’ಗಳಿಗೆ ನಮ್ಮ ಮನೆಯಲ್ಲಿ ಬರವೇ? ದೀಪ ಹಚ್ಚಿದ ಮೇಲೆ ಗುಡಿಸಬೇಡ ಎಂದು ನಾನಂದರೆ ಅವಳು “ನೋ ಬಾರ್ರಾಸ್!” ಶುಕ್ರವಾರ ಉಗುರು ಕತ್ತರಿಸಬೇಡ ಅಂದರೆ “ನೋ ಕೋರ್ತೆಸ್!” ಹೊರಟವರನ್ನು ಹಿಂದಿನಿಂದ ಕರೆಯಬೇಡ, ಹೋದ ಕೆಲಸ ಆಗಲ್ಲ ಅಂದರೆ “ನೋ ಯಾಮೆಸ್!” ನನ್ನ ಬಾಯಲ್ಲಿ ಇಷ್ಟೊಂದು ಬೇಡಗಳಿವೆ ಎಂದು ನನಗೇ ತಿಳಿದದ್ದು ಆಗ.

ಪರೀಕ್ಷೆಯ ದಿನ ಮೊಸರು ಸಕ್ಕರೆ ತಿನ್ನಿಸಿ ಕಳಿಸಿದೆ. ಅವಳು ಗೇಟು ದಾಟಿದಳು. ಒಳಗೆ ಬಂದು ನೋಡಿದರೆ ಹಾಲ್ ಟಿಕೆಟ್ ಟೀವಿ ಮೇಲೆ!

ಕೂಗಿದರೆ ಕೇಳುವಷ್ಟೇ ದೂರ. ಆದರೆ ಹಿಂದಿನಿಂದ ಕೂಗುವುದೇ? ಅದೂ ಪರೀಕ್ಷೆಯ ದಿನ? ಪರೀಕ್ಷೆಗೆ ಬಿಡುವುದಿಲ್ಲವೆಂದು ಅವಳ ಮೊಬೈಲೂ ಮನೆಯಲ್ಲೇ ಇತ್ತು. ಹಿತ್ತಿಲ ಬಾಗಿಲು ತೆಗೆದು ಗಲ್ಲಿಗೆ ಇಳಿದೆ. ಬಸ್ ಸ್ಟಾಪಿಗೆ ಅವಳಿಗಿಂತ ಮುಂಚೆ ಮುಟ್ಟಿ, ಎದುರಿನಿಂದ ಕರೆಯಬೇಕು!

“ಏನ್ ಆಂಟಿ, ಕಳ್ಳನಾ?” ಬಟ್ಟೆ ಒಗೆಯುತ್ತಿದ್ದ ಪಕ್ಕದ ಮನೆಯಾಕೆ ನನ್ನ ಬೆನ್ನಿಗೆ ಕೂಗಿದಳು.

“ಹಿಂದಿನಿಂದ ಕರೀಬೇಡ ಕಣೇ!” ಎನ್ನುತ್ತಾ ಓಡಿದೆ.

ಒಂದು ಚಪ್ಪಲಿ ಗಲ್ಲಿಯಲ್ಲೇ ಉಳಿಯಿತು. ಕೊನೆಗೂ ತಿರುವಿನಲ್ಲಿ ಅವಳ ಎದುರಿಗೆ ಬಂದೆ, ಹಾಲ್ ಟಿಕೆಟ್ ಬೀಸುತ್ತಾ. ಪುಟ್ಟಿ ಬೆಚ್ಚಿ ಕಿರುಚಿದಳು: “ಅಜ್ಜೀ! ನೋ ಕೋರ್ರಾಸ್!”

ಓಡಬೇಡ ಅಂತ. ಯೋಚಿಸಲಿಲ್ಲ, ತಡವರಿಸಲಿಲ್ಲ. ಸೀರೆ ತಾನಾಗಿ ಬದಲಾಗಿತ್ತು. ಅವಳಿಗೂ ಅದು ಹೊಳೆದು, ನಡುರಸ್ತೆಯಲ್ಲೇ ನನ್ನನ್ನು ತಬ್ಬಿಕೊಂಡಳು.

ನಿನ್ನೆ ರಿಸಲ್ಟ್. ಪಾಸು! ನನ್ನ ಪುಟ್ಟಿ ಪಾಸು! ತರಕಾರಿಯವನಿಗೂ ಹೇಳಿದೆ, ಅವನು ಕೇಳದಿದ್ದರೂ. ಬೀದಿಗೆಲ್ಲ ಮೈಸೂರು ಪಾಕ್ ಹಂಚಿದೆ. ಉಳಿದ ಒಂದು ತುಂಡಿಗೆ ಸಕ್ಕರೆ ಕಾಯಿಲೆಯ ನಾನು ಮೆಲ್ಲಗೆ ಕೈ ಹಾಕಿದೆ. ಹಿಂದಿನಿಂದ ಕರೆ ಬಂತು: “ನೋ ಕೋಮಾಸ್, ಅಜ್ಜಿ!”

ನಾಲ್ಕನೇ ಕ್ಲಾಸಿನವಳಿಗೆ ಸ್ಪ್ಯಾನಿಷ್ ಎಲ್ಲಿಂದ ಅರ್ಥವಾಗಬೇಕು, ನೀವೇ ಹೇಳಿ?