ಹೊಸಬರು

ಹವಳದ ದಿಬ್ಬ ತೋರಿಸುವ ದೋಣಿ ದಡ ಬಿಟ್ಟು, ಗೈಡು "ನೀರಿಗೆ ಹೊಸಬರು ಯಾರ್ಯಾರಿದ್ದೀರಿ?" ಎಂದು ಕೇಳಿದ ಕೂಡಲೇ ಮೊದಲು ಮೇಲೇಳುವುದು ಹಿರಿಯರೊಬ್ಬರ ಕೈ. ತಿಂಗಳಿಗೊಮ್ಮೆ ತಪ್ಪದೆ ಬರುವ ಇವರಿಗೆ ದೋಣಿಯವರು 'ಹೊಸಬರು' ಎಂದೇ ಹೆಸರಿಟ್ಟುಬಿಟ್ಟಿದ್ದಾರೆ. ನಟನೆಯಲ್ಲೂ ಅವರದು ಎತ್ತಿದ ಕೈ: ಲೈಫ್ ಜಾಕೆಟ್ಟನ್ನು ಹಿಂದುಮುಂದಾಗಿ ತೊಡುತ್ತಾರೆ, ಉಸಿರಾಡುವ ಕೊಳವೆಯನ್ನು ಪೀಪಿಯಂತೆ ಊದಿ ನೋಡುತ್ತಾರೆ, "ಮೀನು ಕಚ್ಚಲ್ಲ ತಾನೇ?" ಎಂದು ಪಕ್ಕದವರನ್ನು ವಿಚಾರಿಸುತ್ತಾರೆ, ಕೊನೆಗೆ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳಿಸುವಷ್ಟು ಮೆಲ್ಲಗೆ, "ನಂಗೆ ಈಜು ಬರಲ್ಲಪ್ಪ" ಎನ್ನುತ್ತಾರೆ. ಈಜು ಬಾರದವರು ಇನ್ನೊಬ್ಬರ ಕೈ ಹಿಡಿದೇ ನೀರಿಗಿಳಿಯಬೇಕೆಂಬುದು ಆ ದೋಣಿಯ ಕಟ್ಟುನಿಟ್ಟು. ಹಾಗಾಗಿ ಅವರ ಕೈ ಒಮ್ಮೆ ಬ್ಯಾಂಕಿನ ಗುಮಾಸ್ತನ ಕೈಗೆ, ಒಮ್ಮೆ ಯಾರದೋ ಮನೆಯ ಅಜ್ಜಿಯ ಕೈಗೆ, ಒಮ್ಮೆ ಹೊಸದಾಗಿ ಮದುವೆಯಾದ ಗಂಡಹೆಂಡಿರ ನಡುವೆಯೂ ಸೇರಿದ್ದುಂಟು. ಕೆಳಗೆ ಹಳದಿ ಮೀನಿನ ಹಿಂಡೇ ಹಾದುಹೋದರೂ ಅವರ ಗಮನವೆಲ್ಲ ಅಂಗೈಯಲ್ಲಿ. ದೋಣಿ ಹತ್ತಿದ ಮೇಲೆ ಮೈಯೆಲ್ಲ ಒರೆಸಿಕೊಳ್ಳುತ್ತಾರೆ, ಆ ಕೈಯೊಂದನ್ನು ಬಿಟ್ಟು. ಹೆಂಡತಿ ತೀರಿಕೊಂಡ ಮೇಲೆ ಅವರನ್ನು ಮುಟ್ಟಿ ಮಾತಾಡಿಸುವವನೆಂದರೆ ಕ್ಷೌರದಂಗಡಿಯವನೊಬ್ಬನೇ. ಗೈಡಿಗೆ ಎಲ್ಲವೂ ಗೊತ್ತು. ಅವರು ಪುರಸಭೆಯ ಈಜುಕೊಳದಲ್ಲಿ ಈಜು ಕಲಿಸುತ್ತಿದ್ದ ಮೇಷ್ಟ್ರು. "ಕೈ ಬಿಡ್ಬೇಡಿ ಸಾರ್" ಎಂದು ಚಿಕ್ಕಂದಿನಲ್ಲಿ ಅವನು ಅತ್ತದ್ದು ಆ ಕೈಯನ್ನೇ ಹಿಡಿದು. ಆದರೂ ಪ್ರತಿಸಲ ಆ ಕೈಯನ್ನು ಗುರುತಿಲ್ಲದವರ ಕೈಯಲ್ಲಿಟ್ಟು, ನಗದೆ ಹೇಳುತ್ತಾನೆ: "ಗಟ್ಟಿಯಾಗಿ ಹಿಡ್ಕೊಳ್ಳಿ. ಇವರಿಗೆ ಒಬ್ಬರೇ ಇದ್ದು ಅಭ್ಯಾಸ ಇಲ್ಲ."