ಇಲವಾಲದವರಿಗೆ ಓದಿದ ಮಾನಪತ್ರ

ವೇದಿಕೆಯ ಮೇಲೆ ಯಾರಿಗಾದರೂ ಮಾನಪತ್ರ ಓದಲು ಶುರುಮಾಡಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಮನೆಯವರು ಇದನ್ನು ಜಂಭ ಅನ್ನುತ್ತಾರೆ. ಜಂಭವಲ್ಲ, ಹೇಸಿಗೆ. ಅದರಲ್ಲಿ ಅರ್ಧ ಆ ಸಮಾರಂಭಗಳ ಮೇಲಿನದು, ಉಳಿದದ್ದು ನನ್ನ ಮೇಲಿನದು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಪದವಿ ವಿದ್ಯಾರ್ಥಿಗಳು ಹೊರಗಿನ ಯಾವುದಾದರೂ ಸೇವಾ ಸಂಸ್ಥೆಯಲ್ಲಿ ಇಪ್ಪತ್ತು ಗಂಟೆ ಕೆಲಸ ಮಾಡಿ ಬರಬೇಕು, ಅದಕ್ಕೂ ಅಂಕ ಉಂಟು ಎಂದು ಕಾಲೇಜು ಹೊಸ ನಿಯಮ ತಂದಿತ್ತು. ಕನ್ನಡದವನಿಗೆ ಬೇರೇನು ಕೆಲಸ ಅಂದುಕೊಂಡರೋ ಏನೋ, ಅದರ ಉಸ್ತುವಾರಿಯನ್ನು ನನ್ನ ತಲೆಗೆ ಕಟ್ಟಿದರು. ಪ್ರತಿಯೊಬ್ಬರ ಕೈಯಲ್ಲೂ ಒಂದು ಹಾಳೆ. ಮಾಡಿದ ಕೆಲಸ, ಕಳೆದ ಗಂಟೆ ಬರೆದು ಸಂಸ್ಥೆಯವರು ರುಜು ಹಾಕಿ ಮೊಹರು ಒತ್ತಬೇಕು.

ಹಾಗೆ ಪರಿಚಯವಾದವರು ನರ್ಸಮ್ಮ. ದೊಡ್ಡಾಸ್ಪತ್ರೆಯ ಕೆಲಸದಿಂದ ನಿವೃತ್ತರಾದ ಮೇಲೆ ಕೃಷ್ಣಮೂರ್ತಿಪುರಂನ ಮನೆಯಿಂದ ದಿನಾ ಸಿಟಿ ಬಸ್ಸಿನಲ್ಲಿ ಮಂಡಿ ಮೊಹಲ್ಲಾಕ್ಕೆ ಬಂದು, ಸಗಟು ಅಂಗಡಿಗಳ ಹಿಂದಿನ ಗಲ್ಲಿಯ ಒಂದು ಕೋಣೆಯಲ್ಲಿ ಸಂಜೆ ಪಾಠ ನಡೆಸುತ್ತಿದ್ದರು. ಬರುತ್ತಿದ್ದವರು ಶಾಲೆ ಬಿಟ್ಟು ಮನೆಯಲ್ಲಿ ಊದುಬತ್ತಿ ಹೊಸೆಯುವ ಹುಡುಗಿಯರು. ಅವರನ್ನು ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕೂರಿಸುವುದು ಈಕೆಯ ಹಟ. ಕೋಣೆ ಒಬ್ಬ ವ್ಯಾಪಾರಿಯ ಮನೆತನದ ಟ್ರಸ್ಟಿನದು. ಹಿರಿಯರು ಪುಣ್ಯದ ಕೆಲಸವೆಂದು ಬಿಟ್ಟುಕೊಟ್ಟಿದ್ದರು. ಅವರು ತೀರಿಕೊಂಡ ಮೇಲೆ ಮಕ್ಕಳಿಗೆ ಅದು ಗೋಡೌನಿಗೆ ಬೇಕಾಯಿತು. ಯಾವುದಾದರೂ ಕಾಲೇಜು ನಿಮ್ಮನ್ನು ಗುರುತಿಸಿ ಕಾಗದ ಕೊಟ್ಟರೆ ಇರಿ, ಇಲ್ಲದಿದ್ದರೆ ಯುಗಾದಿಯೊಳಗೆ ಖಾಲಿ ಮಾಡಿ ಎಂದಿದ್ದರು. ನರ್ಸಮ್ಮ ನಮ್ಮ ವಿದ್ಯಾರ್ಥಿಗಳನ್ನು ಒಳಗೆ ಬಿಟ್ಟುಕೊಂಡದ್ದು ಆ ಒಂದು ಕಾಗದದ ಆಸೆಯಿಂದ. ಅದನ್ನು ಮೊದಲ ದಿನವೇ ನನಗೆ ಹೇಳಿದ್ದರು.

ನಮ್ಮ ಹುಡುಗರು ಹೋದರು, ಹುಡುಗಿಯರ ನಡುವೆ ಕೂತು ಫೋಟೊ ತೆಗೆಸಿಕೊಂಡರು, ಇಪ್ಪತ್ತು ಗಂಟೆ ಎಂದು ರುಜು ಹಾಕಿಕೊಡಿ ಎಂದು ಹಾಳೆ ಚಾಚಿದರು. ಆಕೆ ವರ್ಷಗಟ್ಟಲೆ ವಾರ್ಡಿನಲ್ಲಿ ಜ್ವರದ ಚಾರ್ಟು ಬರೆದವರು. ‘ಬಂದರು, ಫೋಟೊ ತೆಗೆಸಿಕೊಂಡರು, ಮುಕ್ಕಾಲು ಗಂಟೆ’ ಎಂದು ದುಂಡಗೆ ಬರೆದು ರುಜು ಹಾಕಿದರು. ಇಬ್ಬರು ವಿದ್ಯಾರ್ಥಿನಿಯರು ನಿಜವಾಗಿ ಲೆಕ್ಕ ಹೇಳಿಕೊಟ್ಟಿದ್ದರು. ಅವರಿಗೆ ಇಪ್ಪತ್ತೆರಡು ಗಂಟೆ ಬರೆದಿದ್ದರು. ಉಳಿದವರು ನನ್ನ ಮೇಜಿನ ಸುತ್ತ ಗಲಾಟೆ ಮಾಡಿದರು. ನಾನು ಹೋಗಿ, ಸ್ವಲ್ಪ ಧಾರಾಳವಾಗಿ ಬರೀರಮ್ಮ ಎಂದು ಹಲ್ಲು ಗಿಂಜಿದೆ.

“ಜ್ವರ ಇಲ್ದೋನ್ಗೆ ನೂರಾಮೂರು ಅಂತ ಬರ್ಯೋಕಾಗುತ್ತಾ ಮೇಷ್ಟ್ರೇ?” ಎಂದರು.

ಇಲವಾಲದ ಕಡೆ ಇನ್ನೊಂದು ಸಂಸ್ಥೆಯಿತ್ತು. ದೊಡ್ಡ ಕಾಂಪೌಂಡು, ಹುಲ್ಲುಹಾಸು, ಬಿಳಿ ಜುಬ್ಬಾದ ಅಧ್ಯಕ್ಷರು. ಹುಡುಗರು ಒಂದು ಬೆಳಿಗ್ಗೆ ಮೆಟಡಾರ್‌ನಲ್ಲಿ ಹೋದರೆ ಉಪ್ಪಿಟ್ಟು, ಕೇಸರಿಬಾತು ಕೊಟ್ಟು, ಇಪ್ಪತ್ತು ಗಂಟೆಗೆ ಮೊಹರು ಒತ್ತಿ, ಮಧ್ಯಾಹ್ನದೊಳಗೆ ವಾಪಸ್ಸು ಕಳಿಸುತ್ತಿದ್ದರು. ನಾಲ್ಕು ತಿಂಗಳಲ್ಲಿ ಅರ್ಧ ಕಾಲೇಜು ಅಲ್ಲಿಗೆ ಹೋಗಿ ಬಂತು.

ವರ್ಷದ ಕೊನೆಗೆ, ಕಾಲೇಜಿನ ಜೊತೆ ಕೈಜೋಡಿಸಿದ ಸಂಸ್ಥೆಗಳಲ್ಲಿ ಒಂದನ್ನು ಗುರುತಿಸಿ ಗೌರವಿಸಬೇಕೆಂದು ಪ್ರಿನ್ಸಿಪಾಲರಿಗೆ ಹೊಳೆಯಿತು. ಯಾರ ಗಂಟೆ ಹೆಚ್ಚೋ ಅವರಿಗೆ ಗೌರವ. ಪಟ್ಟಿ ಮಾಡಿದವನು ನಾನೇ. ಇಲವಾಲ ಎಲ್ಲರಿಗಿಂತ ಮೇಲೆ, ನರ್ಸಮ್ಮ ಕಟ್ಟಕಡೆಗೆ. ಆ ಗಂಟೆಗಳ ಹಣೆಬರಹ ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅರ್ಧ ಕಾಲೇಜಿನ ಅಂಕ ವಾಪಸ್ಸು ತೆಗೆಯಬೇಕಿತ್ತು, ಉಸ್ತುವಾರಿ ನೋಡಿದವನ ಹೆಸರೂ ಕೆಡುತ್ತಿತ್ತು.

ಮಾನಪತ್ರ ಬರೆಯುವ ಕೆಲಸವೂ ನನಗೇ ಬಂತು. ಎರಡು ದಿನ ಪೆನ್ನು ಹಿಡಿದು ಕೂತೆ. ಇಲವಾಲದವರ ಬಗ್ಗೆ ಏನು ಬರೆಯಲಿ? ಉಪ್ಪಿಟ್ಟು ಚೆನ್ನಾಗಿತ್ತು ಎಂದೇ? ಕೊನೆಗೆ ಮಂಡಿ ಮೊಹಲ್ಲಾದಲ್ಲಿ ಕಣ್ಣಾರೆ ಕಂಡಿದ್ದನ್ನು ಬರೆದೆ. ಮಸಿಯಂತೆ ಕಪ್ಪಾದ ಬೆರಳುಗಳಿಗೆ ಬಳಪ ಹಿಡಿಸಿದ್ದು, ಮಗ್ಗಿ ಹೇಳುತ್ತ ನಿದ್ದೆ ಹೋದ ಮಗುವಿನ ತಲೆಗೆ ತನ್ನ ಚೀಲ ಕೊಟ್ಟು ಮಲಗಿಸಿದ್ದು, ಪಾಠಕ್ಕೆ ಬರದ ಹುಡುಗಿಯ ಮನೆ ಬಾಗಿಲಿಗೆ ಹೋಗಿ ಅಪ್ಪನ ಬೈಗುಳ ಕೇಳಿ ಬಂದಿದ್ದು. ಪ್ರಿನ್ಸಿಪಾಲರು ಓದಿ ಬೆನ್ನು ತಟ್ಟಿದರು. ನನಗೂ ಖುಷಿಯಾಯಿತು, ಅದನ್ನು ನೆನೆದರೇ ಈಗ ಮೈ ಮುದುಡುತ್ತದೆ.

ಸಭಾಂಗಣ ತುಂಬಿಸಲು ಎಲ್ಲ ಸಂಸ್ಥೆಗಳನ್ನೂ ಕರೆದಿದ್ದೆವು. ನರ್ಸಮ್ಮ ಆರೇಳು ಹುಡುಗಿಯರನ್ನು ಕರೆದುಕೊಂಡು ಬಂದು ಎರಡನೇ ಸಾಲಿನಲ್ಲಿ ಕೂತಿದ್ದರು. ಪೇಟ ಹಾಕಿಸಿಕೊಂಡ ಅಧ್ಯಕ್ಷರು ಕೈಮುಗಿದು ನಿಂತರು, ನಾನು ರಾಗವಾಗಿ ಓದಿದೆ. ಕಪ್ಪಾದ ಬೆರಳುಗಳು ಎಂದಾಗ ಒಬ್ಬ ಹುಡುಗಿ ತನ್ನ ಕೈ ನೋಡಿಕೊಂಡಳು. ಅಧ್ಯಕ್ಷರು ಕಣ್ಣೊರೆಸಿಕೊಂಡರು. ಆ ಕರ್ಚೀಫು ಕಂಡೂ ನಾನು ಓದುವುದನ್ನು ನಿಲ್ಲಿಸಲಿಲ್ಲ.

ಕಾರ್ಯಕ್ರಮ ಮುಗಿದು ಜನ ತಿಂಡಿಗೆ ನುಗ್ಗಿದಾಗ ನರ್ಸಮ್ಮ ಹತ್ತಿರ ಬಂದರು. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಬದುಕುತ್ತಿದ್ದೆ.

“ಚೆನ್ನಾಗಿ ಬರ್ದಿದ್ದೀರ ಮೇಷ್ಟ್ರೇ, ಎಲ್ಲಾ ನಿಜಾನೇ,” ಎಂದರು. ಆಮೇಲೆ ದನಿ ತಗ್ಗಿಸಿ, “ಹೆಸರೊಂದು ಬದಲಾಯ್ಸಿ ಇನ್ನೊಂದು ಪ್ರತಿ ಮಾಡ್ಕೊಡ್ತೀರಾ? ಟ್ರಸ್ಟ್‌ನೋರ್ಗೆ ತೋರಿಸ್ಬೇಕಿತ್ತು,” ಎಂದು ಕೇಳಿದರು.

ಅದಕ್ಕೆಲ್ಲ ಒಂದು ಕ್ರಮ ಇರುತ್ತದಮ್ಮ, ಪ್ರಿನ್ಸಿಪಾಲರ ರುಜು ಬೇಕು, ಗಂಟೆಗಳೂ ಸಾಲಬೇಕು, ಮುಂದಿನ ವರ್ಷ ನೋಡೋಣ ಎಂದೆ. ಆಕೆ ತಲೆಯಾಡಿಸಿ, ಹುಡುಗಿಯರಿಗೆ ತಿಂಡಿ ಕೊಡಿಸಲು ಹೋದರು.

ಯುಗಾದಿ ಕಳೆದು ಒಮ್ಮೆ ಆ ಗಲ್ಲಿಯಲ್ಲಿ ಹಾದು ಬಂದೆ. ಕೋಣೆಯ ತುಂಬ ಬೂಸದ ಮೂಟೆಗಳು. ಹುಡುಗಿಯರು ಎಲ್ಲಿ ಕೂತು ಓದಿದರು, ಪರೀಕ್ಷೆಗೆ ಹೋದರೋ ಇಲ್ಲವೋ, ನಾನು ಯಾರನ್ನೂ ಕೇಳಲಿಲ್ಲ.

ಮರುವರ್ಷ ಬೇರೊಂದು ಸಂಸ್ಥೆಗೆ ಸನ್ಮಾನವಾಯಿತು. ಹಿಂದಿನ ಮಾನಪತ್ರವನ್ನೇ ತೆಗೆದು ಹೆಸರು ಬದಲಾಯಿಸಿ ಕೊಟ್ಟೆ. ಐದು ನಿಮಿಷವೂ ಹಿಡಿಯಲಿಲ್ಲ.